ಭಾನುವಾರದ ಆರಾಧನೆಗೆ ಸ್ತುತಿಗೀತೆಗಳನ್ನು ಆರಿಸಿ, ಒಂದರ ಮೇಲೆ ಧ್ಯಾನ ಸಿದ್ಧಪಡಿಸುವುದು ಹೇಗೆ

ಓದಿಗೋ ಉದ್ಯೋಗಕ್ಕೋ ಇಂಗ್ಲೆಂಡಿಗೆ ಹೋಗಿ ನೆಲೆಸಿದ ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಕುಟುಂಬಗಳಲ್ಲಿ ಹಲವರು ಭಾನುವಾರ ಬೆಳಿಗ್ಗೆ ಮನೆಗೆ ಹತ್ತಿರವಿರುವ ಚರ್ಚ್ ಆಫ್ ಇಂಗ್ಲೆಂಡ್ ಪ್ಯಾರಿಷ್‌ಗೆ ಹೋಗುತ್ತಾರೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಗಳು ಒಂದಾಗಿ ಹುಟ್ಟಿದ ನಮ್ಮ ಸಭೆ ಇಂದು ಆಂಗ್ಲಿಕನ್ ಕಮ್ಯುನಿಯನ್ನಿನ ಸದಸ್ಯ ಸಭೆಯೂ ಆಗಿರುವುದರಿಂದ, ಅಲ್ಲಿನ ಆರಾಧನಾ ಕ್ರಮ ನಮಗೆ ಹೊಸದೆನಿಸುವುದಿಲ್ಲ. ಕೆಲವು ತಿಂಗಳು ತಪ್ಪದೆ ಬಂದವರನ್ನು ಅಲ್ಲಿನ ಪಾದ್ರಿಗಳು ಗುರುತಿಸುತ್ತಾರೆ, ಮೊದಲು ಬೈಬಲ್ ಪಾಠ ಓದಲು ಕೇಳುತ್ತಾರೆ, ಆಮೇಲೆ ಒಂದು ದಿನ, "ಮುಂದಿನ ತಿಂಗಳು ಒಂದು ಭಾನುವಾರದ ಗೀತೆಗಳನ್ನು ನೀವೇ ಆರಿಸಿ, ಅವುಗಳಲ್ಲಿ ಒಂದರ ಬಗ್ಗೆ ನಾಲ್ಕು ಮಾತು ಹೇಳುತ್ತೀರಾ?" ಎಂದು ಕೇಳಿಬಿಡುತ್ತಾರೆ. ಹಾಗೆ ಕೇಳಿಸಿಕೊಂಡು ಒಪ್ಪಿಕೊಂಡವರಿಗಾಗಿ ಈ ಬರಹ.

ಕೆಲಸದ ಗುರಿ ಮೊದಲು ಸ್ಪಷ್ಟವಾಗಿರಬೇಕು. ಗೀತೆಯ ಮೇಲಿನ ಧ್ಯಾನವು ಇನ್ನೊಂದು ಪ್ರಸಂಗವಲ್ಲ, ಕವಿಯ ಜೀವನಚರಿತ್ರೆಯೂ ಅಲ್ಲ. ಅದನ್ನು ಕೇಳಿದ ಸಭೆ ಅದೇ ಬೆಳಿಗ್ಗೆ, ಅದೇ ಗೀತೆಯನ್ನು, ತಾನು ದೇವರಿಗೆ ಏನು ಹೇಳುತ್ತಿದ್ದೇನೆಂದು ಅರಿತು ಹಾಡಬೇಕು. ಮಾತು ಎಷ್ಟೇ ಚೆನ್ನಾಗಿದ್ದರೂ ಆಮೇಲೆ ಬರುವ ಹಾಡು ಮೊದಲಿನಷ್ಟೇ ಯಾಂತ್ರಿಕವಾಗಿದ್ದರೆ ಧ್ಯಾನ ಕೆಲಸ ಮಾಡಲಿಲ್ಲ ಎಂದೇ ತಿಳಿಯಬೇಕು.

ಮೊದಲು ಯಾರನ್ನು ಕೇಳಬೇಕು

ಗೀತೆಗಳ ಆಯ್ಕೆಯ ಕಡೆಯ ಮಾತು ಪಾದ್ರಿಗಳದ್ದು. ಚರ್ಚ್ ಆಫ್ ಇಂಗ್ಲೆಂಡಿನ ಕಾನೂನುಗಳಲ್ಲಿ ಕ್ಯಾನನ್ ಬಿ 20 ಇದನ್ನು ನೇರವಾಗಿ ಹೇಳುತ್ತದೆ: ಆರ್ಗನ್ ವಾದಕರ ಅಥವಾ ಕ್ವಾಯರ್ ಮುಖ್ಯಸ್ಥರ ಸಲಹೆಗೆ ಪಾದ್ರಿಗಳು ತಕ್ಕ ಬೆಲೆ ಕೊಡಬೇಕು, ಆದರೆ ಹೊಣೆಯೂ ತೀರ್ಮಾನವೂ ಪಾದ್ರಿಗಳವೇ. ಆದ್ದರಿಂದ ನಿಮ್ಮ ಪಟ್ಟಿಯನ್ನು ಸಲಹೆಯಾಗಿ ಕೊಡಿ, ನಿರ್ಧಾರವಾಗಿ ಅಲ್ಲ. ಪ್ರಸಂಗದ ವಿಷಯದಲ್ಲಿ ನಿಯಮ ಇನ್ನೂ ಬಿಗಿಯಾಗಿದೆ. ಪರವಾನಗಿ ಇಲ್ಲದ ಸಾಮಾನ್ಯ ವಿಶ್ವಾಸಿ ಪ್ರಸಂಗ ಮಾಡಬೇಕಾದರೆ ಪಾದ್ರಿಗಳ ಆಹ್ವಾನದ ಜೊತೆಗೆ ಬಿಷಪರ ಅನುಮತಿಯೂ ಬೇಕು. ನಿಮ್ಮ ಮಾತು ಪ್ರಸಂಗದ ಜಾಗದಲ್ಲಿ ಬರುತ್ತದೆಯೋ, ಗೀತೆಗೆ ಮುಂಚಿನ ಪೀಠಿಕೆಯಾಗಿ ಬರುತ್ತದೆಯೋ ಎಂಬುದನ್ನು ಮೊದಲ ಭೇಟಿಯಲ್ಲೇ ಕೇಳಿ ತಿಳಿದುಕೊಳ್ಳಿ. ಪೀಠಿಕೆಯಾಗಿದ್ದರೆ ಮೂರು ನಿಮಿಷ ಸಾಕು, ನಾಲ್ಕು ದಾಟಬಾರದು.

ಆರ್ಗನ್ ವಾದಕರನ್ನು ಆ ವಾರದ ಆರಂಭದಲ್ಲೇ ಕಾಣಿ. ಯಾವ ರಾಗಗಳು ಈ ಸಭೆಗೆ ಬಾಯಿಪಾಠ, ಯಾವುದು ಹೋದ ವಾರವಷ್ಟೇ ಹಾಡಿಯಾಯಿತು, ಯಾವ ಗೀತೆಯನ್ನು ಇಲ್ಲಿನ ಹಿರಿಯರು ತಮ್ಮವರ ಶವಸಂಸ್ಕಾರಗಳಲ್ಲಿ ಹಾಡಿ ಹಾಡಿ ಭಾರ ತುಂಬಿಕೊಂಡಿದ್ದಾರೆ ಎಂಬುದೆಲ್ಲ ಅವರಿಗೆ ಗೊತ್ತು. ಆರಾಧನೆಯ ಹಾಳೆ ಬಹುತೇಕ ಪ್ಯಾರಿಷ್‌ಗಳಲ್ಲಿ ಗುರುವಾರ ಇಲ್ಲವೇ ಶುಕ್ರವಾರ ಅಚ್ಚಾಗಿಬಿಡುವುದರಿಂದ, ಬುಧವಾರದ ಒಳಗೆ ಪಟ್ಟಿ ಅಂತಿಮವಾಗಬೇಕು.

ಯಾವ ಗೀತೆ ಎಲ್ಲಿ ನಿಲ್ಲುತ್ತದೆ

ಇಂದಿನ ಹೆಚ್ಚಿನ ಪ್ಯಾರಿಷ್‌ಗಳಲ್ಲಿ ಭಾನುವಾರದ ಮುಖ್ಯ ಆರಾಧನೆ ಪರಿಶುದ್ಧ ಸಂಸ್ಕಾರದ್ದು, ಅಂದರೆ ಕರ್ತನ ಭೋಜನದ್ದು. 2000ದಲ್ಲಿ ಬಳಕೆಗೆ ಬಂದ ಕಾಮನ್ ವರ್ಷಿಪ್ ಕ್ರಮದಲ್ಲಿ ಅದಕ್ಕೆ ನಾಲ್ಕು ಭಾಗಗಳು: ಕೂಡಿಬರುವುದು, ವಾಕ್ಯದ ಆರಾಧನೆ, ಸಂಸ್ಕಾರದ ಆರಾಧನೆ, ಕಳುಹಿಸಿಕೊಡುವುದು. ಸಾಮಾನ್ಯವಾಗಿ ನಾಲ್ಕೋ ಐದೋ ಗೀತೆಗಳಿರುತ್ತವೆ, ಪ್ರತಿಯೊಂದಕ್ಕೂ ಮಾಡಬೇಕಾದ ಕೆಲಸ ಬೇರೆ.

ಪ್ರವೇಶ ಗೀತೆ ಸಭೆಯನ್ನು ಒಂದು ದನಿಗೆ ತರಬೇಕು, ಹಾಗಾಗಿ ಅದು ಎಲ್ಲರಿಗೂ ಗೊತ್ತಿರುವ, ಗಟ್ಟಿ ರಾಗದ, ದೇವರನ್ನು ಕುರಿತ ಸ್ತುತಿಯಾಗಿರಲಿ. 'ನಾನು', 'ನನ್ನ' ಎಂದು ಶುರುವಾಗುವ ಆತ್ಮೀಯ ಗೀತೆಗಳು ಇಲ್ಲಿಗಿಂತ ಸಂಸ್ಕಾರದ ಸಮಯಕ್ಕೆ ಒಪ್ಪುತ್ತವೆ. ಸುವಾರ್ತೆಗೆ ಮುಂಚಿನ ಗೀತೆ ಚಿಕ್ಕದಾಗಿರಬೇಕು. ಮುಂದೆ ಓದುವ ಭಾಗಕ್ಕೆ ಅದು ಬಾಗಿಲು ತೆರೆಯಬೇಕೇ ಹೊರತು ಅದನ್ನು ಮೊದಲೇ ಹೇಳಿ ಮುಗಿಸಬಾರದು.

ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡ ಮೇಲೆ ಕಾಣಿಕೆ ಗೀತೆ ಬರುತ್ತದೆ. ಈ ಸಮಾಧಾನದ ವಿನಿಮಯದಲ್ಲಿ ನಮ್ಮವರ ಪಾಲೂ ಇದೆ ಎಂಬುದನ್ನು ನೆನೆಯುವುದು ನನಗೆ ಸಂತೋಷ: 1950ರಲ್ಲಿ ಹೊರಬಂದ ಸಿಎಸ್‌ಐ ಆರಾಧನಾ ಕ್ರಮ ಅದನ್ನು ಸಭೆಯ ಕೈಗೆ ಮರಳಿ ಕೊಟ್ಟಿತು, ಆಮೇಲೆ ಬಂದ ಪಾಶ್ಚಾತ್ಯ ಕ್ರಮಗಳು ಆ ದಾರಿಯಲ್ಲಿ ನಡೆದವು. ಕಾಣಿಕೆ ಗೀತೆಯ ಉದ್ದ ಮುಖ್ಯವಾದದ್ದು. ಜನ ಕೈಕುಲುಕಿ ತಮ್ಮ ಜಾಗಕ್ಕೆ ಮರಳಬೇಕು, ಕಾಣಿಕೆ ತಟ್ಟೆ ಸುತ್ತಬೇಕು, ರೊಟ್ಟಿ ದ್ರಾಕ್ಷಾರಸಗಳನ್ನು ಮುಂದಕ್ಕೆ ತರಬೇಕು, ಪಾದ್ರಿಗಳು ಮೇಜನ್ನು ಸಿದ್ಧಪಡಿಸಬೇಕು. ಮೂರು ಚರಣದ ಚಿಕ್ಕ ಗೀತೆ ಕೊಟ್ಟರೆ ಆರ್ಗನ್ ವಾದಕರು ಉಳಿದ ಸಮಯವನ್ನು ತಾವೇ ತುಂಬಬೇಕಾಗುತ್ತದೆ.

ಸಂಸ್ಕಾರ ತೆಗೆದುಕೊಳ್ಳುವಾಗ ಜನ ಎದ್ದು ನಡೆಯುತ್ತಿರುತ್ತಾರೆ, ಕೈಯಲ್ಲಿ ಪುಸ್ತಕವಿರುವುದಿಲ್ಲ. ಆಗ ಉದ್ದ ಸಾಹಿತ್ಯಕ್ಕಿಂತ ಮರುಕಳಿಸುವ ಒಂದೆರಡು ಸಾಲು ಮೇಲು. ಕಡೆಯ ಗೀತೆ ಹೊರಗಿನ ಲೋಕದ ಕಡೆ ಮುಖ ಮಾಡಿಸಬೇಕು. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದಲ್ಲೂ ಈಸ್ಟರಿಗೆ ಮುಂಚಿನ ಉಪವಾಸ ಕಾಲವಾದ ಲೆಂಟ್‌ನಲ್ಲೂ 'ಉನ್ನತದಲ್ಲಿರುವ ದೇವರಿಗೆ ಮಹಿಮೆ' ಎಂಬ ಸ್ತೋತ್ರವನ್ನು ಬಿಡುತ್ತಾರೆ. ಲೆಂಟ್‌ನಲ್ಲಿ 'ಹಲ್ಲೆಲೂಯ' ಇರುವ ಗೀತೆಗಳನ್ನೂ ಬಿಡುವುದು ಹಳೆಯ ರೂಢಿ. ಈಸ್ಟರ್ ಬೆಳಿಗ್ಗೆ ಆ ಪದ ಮರಳಿ ಬಾಯಿಗೆ ಬರುವಾಗ ಅದಕ್ಕಿರುವ ಶಕ್ತಿ ಈ ಉಪವಾಸದಿಂದಲೇ ಬರುವಂಥದ್ದು, ಆದ್ದರಿಂದ ಈ ರೂಢಿಯನ್ನು ಸಡಿಲಿಸಬೇಡಿ.

ಆಯ್ಕೆಗೆ ದಾರಿ: ಪಾಠಗಳು, ಆಮೇಲೆ ರಾಗ

ಗೀತೆಯ ಪುಸ್ತಕವನ್ನು ತೆರೆಯುವ ಮುಂಚೆ ಆ ಭಾನುವಾರದ ಪಾಠಗಳನ್ನು ಓದಿ. ಪಾಠಗಳು ಮೂರು ವರ್ಷಗಳ ಸುತ್ತಿನಲ್ಲಿ ಬರುತ್ತವೆ: ಎ ವರ್ಷ ಮತ್ತಾಯ, ಬಿ ವರ್ಷ ಮಾರ್ಕ, ಸಿ ವರ್ಷ ಲೂಕ, ಇವುಗಳ ನಡುನಡುವೆ ಯೋಹಾನ. ಇಸವಿಯನ್ನು ಮೂರರಿಂದ ಭಾಗಿಸಿದಾಗ ಒಂದು ಉಳಿದರೆ ಎ, ಎರಡು ಉಳಿದರೆ ಬಿ, ಏನೂ ಉಳಿಯದಿದ್ದರೆ ಸಿ. ಹೊಸ ವರ್ಷ ಮಾತ್ರ ಜನವರಿಗಲ್ಲ, ಅದಕ್ಕೆ ಮುಂಚಿನ ಆಗಮನ ಭಾನುವಾರಕ್ಕೇ ಶುರುವಾಗುತ್ತದೆ. ಪಾಠಗಳನ್ನು ಓದುವಾಗ ವಿಷಯವನ್ನು ಹುಡುಕುವ ಬದಲು ಚಿತ್ರಗಳನ್ನೂ ಕ್ರಿಯಾಪದಗಳನ್ನೂ ಗುರುತು ಹಾಕಿಕೊಳ್ಳಿ. 'ಪ್ರೀತಿ', 'ನಂಬಿಕೆ' ಎಂದು ಹುಡುಕಿದರೆ ಪುಸ್ತಕದ ಅರ್ಧದಷ್ಟು ಗೀತೆಗಳು ಸಿಕ್ಕುತ್ತವೆ. 'ಹೊಗೆ ತುಂಬಿದ ದೇವಾಲಯ', 'ಬಲೆ ಬಿಟ್ಟು ಹೊರಟರು' ಎಂದು ಹುಡುಕಿದರೆ ಎರಡೋ ಮೂರೋ ಸಿಕ್ಕುತ್ತವೆ, ಅವು ಸರಿಯಾದವೇ ಆಗಿರುತ್ತವೆ.

ಪ್ಯಾರಿಷ್‌ನಲ್ಲಿ ಯಾವ ಪುಸ್ತಕವಿದೆ ಎಂಬುದೂ ಆಯ್ಕೆಯನ್ನು ರೂಪಿಸುತ್ತದೆ. 1861ರಲ್ಲಿ ಮೊದಲು ಬಂದ ಹಿಮ್ಸ್ ಏನ್ಶಂಟ್ ಅಂಡ್ ಮಾಡರ್ನ್ ಪರಂಪರೆಯ ಪುಸ್ತಕವಿರಬಹುದು, ಅಥವಾ 1906ರ ಇಂಗ್ಲಿಷ್ ಹಿಮ್ನಲ್‌ನಿಂದ ಇಳಿದು ಬಂದದ್ದಿರಬಹುದು. ಎರಡನೆಯದಕ್ಕೆ ಸಂಗೀತದ ಸಂಪಾದಕರಾಗಿದ್ದವರು ರಾಲ್ಫ್ ವಾನ್ ವಿಲಿಯಮ್ಸ್. ಒಂದೇ ಸಾಹಿತ್ಯಕ್ಕೆ ಬೇರೆ ಬೇರೆ ಪುಸ್ತಕಗಳಲ್ಲಿ ಬೇರೆ ಬೇರೆ ರಾಗ ಇರುವುದುಂಟು. ಪಟ್ಟಿಯಲ್ಲಿ ಗೀತೆಯ ಸಂಖ್ಯೆಯ ಜೊತೆ ರಾಗದ ಹೆಸರನ್ನೂ ಬರೆಯದಿದ್ದರೆ ಗೊಂದಲ ಖಚಿತ.

ಪುಸ್ತಕದ ಹಿಂಬದಿಯಲ್ಲಿ ಛಂದಸ್ಸಿನ ಸೂಚಿ ಇರುತ್ತದೆ. 8.6.8.6 ಎಂದರೆ ಸಾಲುಗಳ ಅಕ್ಷರ ಸಂಖ್ಯೆ. ಇದೇ ಅಳತೆಯ ಯಾವ ಸಾಹಿತ್ಯವನ್ನೂ ಇದೇ ಅಳತೆಯ ಯಾವ ರಾಗಕ್ಕೂ ಕೂಡಿಸಬಹುದು. ಸಾಹಿತ್ಯ ಒಳ್ಳೆಯದು, ರಾಗ ಸಭೆಗೆ ಗೊತ್ತಿಲ್ಲ ಎಂದಾಗ ಇದು ದೊಡ್ಡ ಸಹಾಯ. ಆದರೆ ಸಂಖ್ಯೆ ಹೊಂದಿದರೆ ಸಾಲದು. ಮಾತ್ರೆಯ ಲೆಕ್ಕಕ್ಕೆ ಒಗ್ಗಿದ ನಮ್ಮ ಕಿವಿಗೆ ಇಂಗ್ಲಿಷಿನ ಒತ್ತು ಎಲ್ಲಿ ಬೀಳುತ್ತದೆಂದು ಒಮ್ಮೆಗೇ ತಿಳಿಯದಿರಬಹುದು. ಎಲ್ಲ ಚರಣಗಳನ್ನೂ ಆ ರಾಗದಲ್ಲಿ ಬಾಯಿಬಿಟ್ಟು ಹಾಡಿ ನೋಡಿ, ಮುಖ್ಯವಲ್ಲದ ಪದದ ಮೇಲೆ ರಾಗದ ಭಾರ ಬೀಳುತ್ತಿದ್ದರೆ ಬಿಟ್ಟುಬಿಡಿ. ಒಂದು ಭಾನುವಾರಕ್ಕೆ ಹೊಸ ಗೀತೆ ಒಂದೇ ಇರಲಿ.

ಚರಣಗಳನ್ನು ಕಡಿಮೆ ಮಾಡಬೇಕಾದ ಸಂದರ್ಭ ಬಂದೇ ಬರುತ್ತದೆ. ಸಕಲ ಭಕ್ತರ ದಿನಕ್ಕೆ ವಿಲಿಯಂ ವಾಲ್ಷಮ್ ಹೌ ಬರೆದ ಪ್ರಸಿದ್ಧ ಗೀತೆಗೆ ಮೂಲದಲ್ಲಿ ಹನ್ನೊಂದು ಚರಣಗಳಿದ್ದವು, ಈಗ ಸಾಮಾನ್ಯವಾಗಿ ಹಾಡುವುದು ಎಂಟನ್ನು. ಕಡಿಮೆ ಮಾಡುವಾಗ ವಾಕ್ಯ ಎಲ್ಲಿ ಮುಗಿಯುತ್ತದೆಂದು ನೋಡಿ. ಒಂದು ಚರಣದ ಪ್ರಶ್ನೆಗೆ ಮುಂದಿನ ಚರಣ ಉತ್ತರವಾಗಿದ್ದರೆ, ಒಂದನ್ನು ಮಾತ್ರ ತೆಗೆಯುವುದು ಕವಿಗೂ ಸಭೆಗೂ ಅನ್ಯಾಯ.

ಧ್ಯಾನವನ್ನು ಬರೆಯುವುದು: ಒಂದು ಗೀತೆಯನ್ನು ಹಿಡಿದು

ತಂದೆ, ಮಗ, ಪವಿತ್ರಾತ್ಮ ಒಬ್ಬನೇ ದೇವರೆಂದು ನೆನೆಯುವ ತ್ರಯೈಕ್ಯ ಭಾನುವಾರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಂದಿನ ಗೀತೆ ಬಹುತೇಕ ಎಲ್ಲ ಕಡೆಯೂ ರೆಜಿನಾಲ್ಡ್ ಹೀಬರ್ ಬರೆದ, 'ಪರಿಶುದ್ಧನು' ಎಂದು ಮೂರು ಬಾರಿ ಕೂಗುವ ಗೀತೆ. ಹೀಬರ್ ಷ್ರಾಪ್‌ಷೈರಿನ ಹಾಡ್ನೆಟ್ ಎಂಬಲ್ಲಿ ಪಾದ್ರಿಯಾಗಿದ್ದವರು. ಆ ಕಾಲದ ಇಂಗ್ಲಿಷ್ ಪ್ಯಾರಿಷ್‌ಗಳಲ್ಲಿ ಹಾಡುತ್ತಿದ್ದುದು ಹೆಚ್ಚಾಗಿ ಪದ್ಯರೂಪದ ದಾವೀದನ ಕೀರ್ತನೆಗಳನ್ನೇ. ಚರ್ಚಿನ ವರ್ಷದ ಪ್ರತಿ ಭಾನುವಾರಕ್ಕೂ ಆ ದಿನದ ಪಾಠಕ್ಕೆ ಹೊಂದುವ ಒಂದೊಂದು ಗೀತೆ ಇರಬೇಕೆಂಬುದು ಅವರ ಆಸೆ. 1823ರಲ್ಲಿ ಕಲ್ಕತ್ತೆಯ ಬಿಷಪ್ ಆದರು. ಮದ್ರಾಸಿಗೆ ಪ್ರತ್ಯೇಕ ಬಿಷಪ್ ಬಂದದ್ದು 1835ರಲ್ಲಿ, ಹಾಗಾಗಿ ಬೆಂಗಳೂರಿನ ಆಂಗ್ಲಿಕನ್ನರಿಗೂ ಆಗ ಅವರೇ ಬಿಷಪ್. ದಕ್ಷಿಣದ ಪ್ರವಾಸದಲ್ಲಿದ್ದಾಗ 1826ರ ಏಪ್ರಿಲ್ 3ರಂದು ತಿರುಚಿನಾಪಳ್ಳಿಯಲ್ಲಿ ನಲವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಲ್ಲಿನ ಸೇಂಟ್ ಜಾನ್ಸ್ ಚರ್ಚಿನಲ್ಲಿ ಅವರ ಸಮಾಧಿಯಿದೆ. ಪ್ರತಿ ಭಾನುವಾರದ ಗೀತೆಗಳ ಅವರ ಸಂಗ್ರಹ ಹೊರಬಂದದ್ದು ಅವರ ಮರಣದ ಮರುವರ್ಷ, 1827ರಲ್ಲಿ.

ಇಷ್ಟೆಲ್ಲ ಗೊತ್ತಿದ್ದರೂ ಧ್ಯಾನದಲ್ಲಿ ಇದರಿಂದ ಒಂದೇ ಸಂಗತಿಯನ್ನು ಬಳಸಿ: ಈ ಗೀತೆ ಈ ಭಾನುವಾರದ ಪಾಠಕ್ಕಾಗಿಯೇ ಬರೆದದ್ದು. 1662ರ ಪ್ರಾರ್ಥನಾ ಪುಸ್ತಕದಲ್ಲಿ ತ್ರಯೈಕ್ಯ ಭಾನುವಾರದ ಸಂಸ್ಕಾರದ ಆರಾಧನೆಗೆ ಪತ್ರಿಕೆಯ ಜಾಗದಲ್ಲಿ ನೇಮಿಸಿದ ಪಾಠ ಪ್ರಕಟನೆ 4ನೇ ಅಧ್ಯಾಯ. ಅದನ್ನೂ ಗೀತೆಯನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಓದಿ. ಗಾಜಿನಂಥ ಸಮುದ್ರ, ಸಿಂಹಾಸನದ ಮುಂದೆ ತಮ್ಮ ಕಿರೀಟಗಳನ್ನು ಇಡುವವರು, ಇದ್ದಾತನೂ ಇರುವಾತನೂ ಬರುವಾತನೂ ಎಂಬ ಮಾತು, ಹಗಲಿರುಳು ನಿಲ್ಲದ ಮೂರು ಸಲದ ಕೂಗು, ಎಲ್ಲವೂ ಅಲ್ಲಿಂದ ಬಂದಿವೆ. ಇಂದಿನ ಮೂರು ವರ್ಷಗಳ ಸುತ್ತಿನಲ್ಲಿ ಈ ಪಾಠ ಆ ದಿನದ ಮುಖ್ಯ ಆರಾಧನೆಗೆ ಬರುವುದಿಲ್ಲ. ಬಿ ವರ್ಷದಲ್ಲಿ, ಉದಾಹರಣೆಗೆ 2027ರಲ್ಲಿ, ಯೆಶಾಯ 6 ಬರುತ್ತದೆ, ಸೆರಾಫಿಯರು ಅದೇ ಮೂರು ಸಲದ ಕೂಗನ್ನು ಕೂಗುವ, ಆಲಯ ಹೊಗೆಯಿಂದ ತುಂಬುವ ಅಧ್ಯಾಯ. ಅಂದು ಓದುವ ಪಾಠ ಯಾವುದೋ ಅದರ ಕಡೆಯಿಂದಲೇ ಗೀತೆಯೊಳಗೆ ಹೋಗಿ.

ಈಗ ಗೀತೆಯ ನಡೆಯನ್ನು ಗಮನಿಸಬೇಕು. ಯಾರು ಹಾಡುತ್ತಿದ್ದಾರೆ, ಎಲ್ಲಿ ನಿಂತಿದ್ದಾರೆ ಎಂದು ಪ್ರತಿ ಚರಣಕ್ಕೂ ಕೇಳಿಕೊಳ್ಳುವುದು ನಾನು ಕಂಡ ಅತ್ಯುತ್ತಮ ವಿಧಾನ. ಮೊದಲ ಚರಣದಲ್ಲಿ ಹಾಡುವವರು ನಾವು, ಸಮಯ ಬೆಳಗಿನ ಜಾವ. ಎರಡನೆಯದರಲ್ಲಿ ನಾವು ಕಾಣೆಯಾಗುತ್ತೇವೆ. ಪರಲೋಕದ ಭಕ್ತರೂ ದೂತರೂ ಹಾಡುತ್ತಾರೆ, ಚಿನ್ನದ ಕಿರೀಟಗಳು ನೆಲಕ್ಕೆ ಇಳಿಯುತ್ತವೆ. ಮೂರನೆಯದರಲ್ಲಿ ಇದ್ದಕ್ಕಿದ್ದಂತೆ ಕತ್ತಲೆ: ಪಾಪದಿಂದ ಮಸುಕಾದ ಕಣ್ಣಿಗೆ ಆ ಮಹಿಮೆ ಕಾಣದು ಎಂಬ ಒಪ್ಪಿಗೆ. ನಾಲ್ಕನೆಯದರಲ್ಲಿ ಮೊದಲ ಸಾಲು ಮರಳುತ್ತದೆ, ಆದರೆ ಈಗ ಹಾಡುವವರು ನಾವಷ್ಟೇ ಅಲ್ಲ, ಭೂಮಿ, ಆಕಾಶ, ಸಮುದ್ರಗಳಲ್ಲಿರುವ ಸಕಲ ಸೃಷ್ಟಿ. ಧ್ಯಾನಕ್ಕೆ ಬೇಕಾದದ್ದೆಲ್ಲ ಈ ನಡೆಯಲ್ಲೇ ಇದೆ. ನಾನಾದರೆ ಮೂರನೆಯ ಚರಣದ ಮೇಲೆ ನಿಲ್ಲುತ್ತೇನೆ, ಏಕೆಂದರೆ ಸಭೆಯಲ್ಲಿ ಆ ಬೆಳಿಗ್ಗೆ ಏನೂ ಕಾಣದೆ ಬಂದು ಕೂತವರು ಇದ್ದೇ ಇರುತ್ತಾರೆ. ಮಹಿಮೆ ಕಾಣದವರೂ 'ಪರಿಶುದ್ಧನು' ಎಂದು ಹಾಡಬಹುದು, ಕತ್ತಲೆ ಹಾಡಿನ ಹೊರಗಿಲ್ಲ, ಒಳಗೇ ಇದೆ ಎಂದು ಅವರಿಗೆ ಹೇಳುವುದು ಮೂರು ನಿಮಿಷಕ್ಕೆ ತಕ್ಕ ಮಾತು.

ರಾಗದ ಬಗ್ಗೆ ಒಂದು ವಾಕ್ಯ ಹೇಳಬಹುದಾದರೆ ಹೇಳಿ. ಈ ಗೀತೆಗೆ 1861ರಲ್ಲಿ ಜಾನ್ ಬೇಕಸ್ ಡೈಕ್ಸ್ ಕೂಡಿಸಿದ ರಾಗದ ಹೆಸರು ನೈಸಿಯ, ಕ್ರಿ.ಶ. 325ರಲ್ಲಿ ವಿಶ್ವಾಸ ಪ್ರಮಾಣವನ್ನು ರೂಪಿಸಿದ ಮಹಾಸಭೆ ಸೇರಿದ ಊರು. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಮೂರು ಕೂಗುಗಳು ಸಸ, ಗಗ, ಪಪ ಎಂದು ಒಂದೊಂದು ಹಂತ ಏರಿ, 'ಕರ್ತನೇ' ಎನ್ನುವಲ್ಲಿ ಧೈವತವನ್ನು ಮುಟ್ಟುತ್ತವೆ. ಮೂರು ಸ್ವರಗಳು, ಒಂದೇ ಸ್ವರಮೇಳ. ಆರ್ಗನ್ ವಾದಕರು ಒಪ್ಪಿದರೆ ಆ ಆರು ಸ್ವರಗಳನ್ನು ಮಾತಿನ ನಡುವೆ ಒಮ್ಮೆ ಒಂದು ಬೆರಳಲ್ಲಿ ನುಡಿಸಿ ಕೇಳಿಸಲಿ. ವಿವರಣೆಯ ಅಗತ್ಯ ಬೀಳುವುದಿಲ್ಲ.

ಇನ್ನೂ ಒಂದು ಕೊಂಡಿಯನ್ನು ಬಿಡಬಾರದು. ಸಂಸ್ಕಾರದ ಪ್ರಾರ್ಥನೆಯ ನಡುವೆ ಸಭೆ ಇದೇ ಮಾತುಗಳನ್ನು, 'ಪರಿಶುದ್ಧನು, ಪರಿಶುದ್ಧನು, ಪರಿಶುದ್ಧನು' ಎಂದು, ದೂತರೊಂದಿಗೂ ಪರಲೋಕದ ಸಮಸ್ತ ಸಮೂಹದೊಂದಿಗೂ ಸೇರಿ ಪ್ರತಿ ಭಾನುವಾರ ಹೇಳುತ್ತದೆ. ನಿಮ್ಮ ಧ್ಯಾನದ ಕಡೆಯ ವಾಕ್ಯ ಅದನ್ನು ತೋರಿಸಿಕೊಟ್ಟರೆ ಗೀತೆ ಮುಗಿದ ಮೇಲೂ ಆರಾಧನೆಯೊಳಗೆ ಕೆಲಸ ಮಾಡುತ್ತಿರುತ್ತದೆ.

ಬರೆಯುವಾಗ ಮೊದಲ ಕರಡು ಉದ್ದವಾಗಿಯೇ ಇರಲಿ, ಆಮೇಲೆ ಅರ್ಧಕ್ಕೆ ಇಳಿಸಿ. ಗೀತೆಯ ಎಲ್ಲ ಚರಣಗಳನ್ನೂ ವಿವರಿಸಲು ಹೋಗಬೇಡಿ. ಒಂದು ಚರಣ, ಅದರಲ್ಲಿ ಒಂದು ಚಿತ್ರ ಸಾಕು. 'ನಾವೆಲ್ಲರೂ ಹೀಗೆ ಮಾಡೋಣ' ಎಂಬ ಉಪದೇಶದಿಂದ ಮುಗಿಸುವ ಚಟವನ್ನು ಬಿಡಿ, ಏಕೆಂದರೆ ನಿಮ್ಮ ಮಾತಿಗೆ ಸಭೆ ಕೊಡಬೇಕಾದ ಉತ್ತರ ಹಾಡೇ.

ಕಥೆಗಳನ್ನು ಪರೀಕ್ಷಿಸಿ

ಪ್ರಸಿದ್ಧ ಗೀತೆಗಳ ಸುತ್ತ ಕಥೆಗಳು ಬೆಳೆದಿರುತ್ತವೆ, ಅವುಗಳಲ್ಲಿ ಹಲವು ನಿಜವಲ್ಲ. ಜಾನ್ ನ್ಯೂಟನ್ನರ 'ಅಮೇಜಿಂಗ್ ಗ್ರೇಸ್' ಅತ್ಯಂತ ಒಳ್ಳೆಯ ಉದಾಹರಣೆ. ಗುಲಾಮರ ಹಡಗಿನ ಕಪ್ತಾನ ಬಿರುಗಾಳಿಯಲ್ಲಿ ದೇವರನ್ನು ಕಂಡು, ಆ ಕ್ಷಣವೇ ವ್ಯಾಪಾರ ಬಿಟ್ಟು, ಈ ಗೀತೆ ಬರೆದ ಎಂದು ಪೀಠದಿಂದ ಹೇಳುವುದನ್ನು ಕೇಳಿರುತ್ತೀರಿ. ಬಿರುಗಾಳಿ 1748ರಲ್ಲಿ ಬಂದದ್ದು ನಿಜ. ಆದರೆ ಅವರು ಗುಲಾಮರ ಹಡಗುಗಳ ಕಪ್ತಾನರಾದದ್ದೇ ಅದರ ನಂತರ. ಸಮುದ್ರ ಬಿಟ್ಟದ್ದು 1754ರಲ್ಲಿ. ಗೀತೆಯನ್ನು ಬರೆದದ್ದು ಓಲ್ನಿ ಎಂಬ ಊರಿನ ಪಾದ್ರಿಯಾಗಿ, 1773ರ ಜನವರಿ 1ರ ಪ್ರಸಂಗಕ್ಕೆಂದು, ಒಂದನೆಯ ಪೂರ್ವಕಾಲವೃತ್ತಾಂತ 17ರಲ್ಲಿ ದಾವೀದನು 'ನಾನು ಎಷ್ಟರವನು' ಎಂದು ಮಾಡುವ ಪ್ರಾರ್ಥನೆಯನ್ನು ಆಧರಿಸಿ. ಗುಲಾಮಗಿರಿಯ ವಿರುದ್ಧ ಬಹಿರಂಗವಾಗಿ ಬರೆದದ್ದು 1788ರಲ್ಲಿ. ಇಂದು ಎಲ್ಲರಿಗೂ ಗೊತ್ತಿರುವ ರಾಗ ಅದಕ್ಕೆ ಕೂಡಿದ್ದು ಅಮೆರಿಕದಲ್ಲಿ, 1835ರಲ್ಲಿ. ಹತ್ತು ಸಾವಿರ ವರ್ಷಗಳನ್ನು ಹೇಳುವ ಕಡೆಯ ಚರಣ ನ್ಯೂಟನ್ನರದಲ್ಲ.

ನಿಜವಾದ ಕಥೆ ನಾಟಕೀಯವಲ್ಲ, ಆದರೆ ಸಭೆಗೆ ಹೆಚ್ಚು ಪ್ರಯೋಜನದ್ದು. ಕೃಪೆ ಒಬ್ಬ ಮನುಷ್ಯನನ್ನು ಒಂದು ರಾತ್ರಿಯಲ್ಲಿ ಅಲ್ಲ, ನಲವತ್ತು ವರ್ಷಗಳಲ್ಲಿ ಬದಲಿಸಿತು ಎಂಬುದನ್ನು ತಮ್ಮೊಳಗಿನ ನಿಧಾನವನ್ನು ಕಂಡು ನೊಂದವರು ಕೇಳಬೇಕು. ಗುಲಾಮರಾಗಿ ಮಾರಾಟವಾದವರ ವಂಶಜರು ಅದೇ ಸಾಲಿನಲ್ಲಿ ಕುಳಿತಿರಬಹುದು ಎಂಬುದೂ ನೆನಪಿರಲಿ. ಅವರ ಎದುರು ಆ ನಡುವಿನ ವರ್ಷಗಳನ್ನು ಹಾರಿಸಿ ಹೇಳುವುದು ಸರಿಯಲ್ಲ. ಖಚಿತವಿಲ್ಲದ ಕಥೆಯನ್ನು ಕೈಬಿಟ್ಟು ಗೀತೆಯ ಮಾತುಗಳಿಗೇ ಹಿಂತಿರುಗಿ.

ಭಾನುವಾರ ಬೆಳಿಗ್ಗೆ

ಆರಾಧನೆಗೆ ಅರ್ಧ ಗಂಟೆ ಮುಂಚೆ ಹೋಗಿ ಮೈಕ್ ಮುಂದೆ ನಿಂತು ಒಂದು ಪ್ಯಾರಾ ಓದಿ ನೋಡಿ. ಹಳೆಯ ಕಲ್ಲಿನ ಚರ್ಚುಗಳಲ್ಲಿ ದನಿ ಪ್ರತಿಧ್ವನಿಸುವುದರಿಂದ ಊಟದ ಮೇಜಿನ ವೇಗದಲ್ಲಿ ಮಾತಾಡಿದರೆ ಹಿಂದಿನ ಸಾಲುಗಳಿಗೆ ಏನೂ ತಿಳಿಯದು. ಆರಿಸಿದ ಚರಣವನ್ನು ಗದ್ಯದಂತೆ, ಅರ್ಥ ಮುಗಿಯುವಲ್ಲಿ ಮಾತ್ರ ನಿಲ್ಲಿಸುತ್ತ, ಒಮ್ಮೆ ಓದಿ. ನಮ್ಮ ಉಚ್ಚಾರಣೆಯ ಬಗ್ಗೆ ಸಂಕೋಚ ಬೇಡ. ನಿಧಾನವಾಗಿ ಓದಿದ ಕನ್ನಡದ ನಾಲಿಗೆಯ ಇಂಗ್ಲಿಷ್ ಎಲ್ಲರಿಗೂ ಅರ್ಥವಾಗುತ್ತದೆ. ಪಾದ್ರಿಗಳು ಬಯಸಿದರೆ ಅದೇ ಚರಣದ ಕನ್ನಡ ರೂಪವನ್ನೂ ಓದಬಹುದು, ವಿಶೇಷವಾಗಿ ಶಿಷ್ಯರು ಹಲವು ಭಾಷೆಗಳಲ್ಲಿ ಮಾತಾಡಿದ್ದನ್ನು ನೆನೆಯುವ ಪಂಚಾಶತ್ತಮ ಭಾನುವಾರದಂದು. ಮಾತು ಮುಗಿದ ಮೇಲೆ ಅರ್ಧ ನಿಮಿಷ ಮೌನವಿರಲಿ. ಆರ್ಗನ್ ವಾದಕರಿಗೆ ಇದನ್ನು ಮೊದಲೇ ಹೇಳಿರಬೇಕು, ಇಲ್ಲದಿದ್ದರೆ ನಿಮ್ಮ ಕಡೆಯ ಪದದ ಮೇಲೇ ಅವರು ರಾಗದ ಮೊದಲ ಸಾಲನ್ನು ಆರಂಭಿಸಿಬಿಡುತ್ತಾರೆ.

ಶ್ರುತಿಯ ಬಗ್ಗೆಯೂ ಕೇಳಿ. ಕ್ವಾಯರ್ ಇಲ್ಲದ, ವಯಸ್ಸಾದವರೇ ಹೆಚ್ಚಿರುವ ಸಭೆಯಲ್ಲಿ ಬೆಳಗಿನ ಗಂಟಲಿಗೆ ನೈಸಿಯ ರಾಗ ಇ ಮೇಜರಿಗಿಂತ ತಗ್ಗಿನ ಶ್ರುತಿಯಾದ ಡಿ ಮೇಜರಿನಲ್ಲಿ ಹಿತ.

ಹಕ್ಕುಸ್ವಾಮ್ಯದ ವಿಷಯ ಸಣ್ಣದೆನಿಸಿದರೂ ಮರೆಯಬಾರದು. ಬ್ರಿಟನ್ನಿನಲ್ಲಿ ರಚಿಸಿದವರ ಮರಣದ ನಂತರ 70 ವರ್ಷ ಹಕ್ಕು ಉಳಿಯುತ್ತದೆ. ಹೀಬರ್ ಮತ್ತು ಡೈಕ್ಸ್ ರಚನೆಗಳಿಗೆ ಈಗ ಯಾವ ಅಡ್ಡಿಯೂ ಇಲ್ಲ. ಆದರೆ 1958ರಲ್ಲಿ ತೀರಿಕೊಂಡ ವಾನ್ ವಿಲಿಯಮ್ಸ್ ರಚಿಸಿದ ರಾಗಗಳು 2028ರ ಕೊನೆಯವರೆಗೆ ಹಕ್ಕಿನೊಳಗಿವೆ. ಭಾರತದಲ್ಲಿ ಈ ಅವಧಿ 60 ವರ್ಷ, ಆದ್ದರಿಂದ ಅದೇ ರಾಗ ಇಲ್ಲಿ ಈಗಾಗಲೇ ಮುಕ್ತ. ಹಾಳೆಯಲ್ಲಿ ಅಚ್ಚು ಹಾಕುವುದಕ್ಕೂ ಆರಾಧನೆಯನ್ನು ಇಂಟರ್ನೆಟ್‌ನಲ್ಲಿ ನೇರವಾಗಿ ತೋರಿಸುವುದಕ್ಕೂ ಬೇರೆ ಬೇರೆ ಪರವಾನಗಿ ಬೇಕಾಗುತ್ತದೆ. ಪ್ಯಾರಿಷ್ ಕಚೇರಿಯವರ ಬಳಿ ಅವುಗಳ ಸಂಖ್ಯೆ ಇರುತ್ತದೆ, ಅದನ್ನು ಹಾಳೆಯ ಅಡಿಯಲ್ಲಿ ಮುದ್ರಿಸಬೇಕು.

ಆರಾಧನೆ ಮುಗಿದ ಮೇಲೆ, ಕಾಫಿಯ ಹೊತ್ತಿನಲ್ಲಿ, ಮಾತು ಚೆನ್ನಾಗಿತ್ತೇ ಎಂದು ಕೇಳಬೇಡಿ. ಯಾವ ಸಾಲಿನಲ್ಲಿ ಹಾಡು ತಗ್ಗಿತು, ಯಾವ ಚರಣದಲ್ಲಿ ಜನ ಪುಸ್ತಕದಿಂದ ತಲೆಯೆತ್ತಿದರು ಎಂದು ಆರ್ಗನ್ ವಾದಕರನ್ನು ಕೇಳಿ. ಅಂದೇ ಸಂಜೆ ಒಂದು ಪುಸ್ತಕದಲ್ಲಿ ದಿನಾಂಕ, ಪಾಠಗಳು, ಗೀತೆಗಳ ಸಂಖ್ಯೆ, ರಾಗದ ಹೆಸರು, ಬಿಟ್ಟ ಚರಣಗಳು ಮತ್ತು ಅವರು ಹೇಳಿದ್ದನ್ನು ಬರೆದಿಡಿ. ಮೂರು ವರ್ಷಗಳ ನಂತರ ಅದೇ ಪಾಠಗಳು ಮರಳಿ ಬಂದಾಗ ಆ ಪುಟ ನಿಮಗೂ, ನಿಮ್ಮ ನಂತರ ಈ ಕೆಲಸ ಹಿಡಿಯುವವರಿಗೂ ಬೇಕಾಗುತ್ತದೆ.